ರೆಕಾರ್ಡಿಂಗ್ ರಾಯರು

ಬೀದಿಗೊಬ್ಬರು ಜಾತಕ ನೋಡುವವರು, ಬಡಾವಣೆಗೊಬ್ಬರು ಹಾವು ಹಿಡಿಯುವವರು ಇರುವ ಲೆಕ್ಕದಲ್ಲಿ ನಾಲ್ಕು ಬೀದಿಗೆ ಒಬ್ಬರಾದರೂ ರೆಕಾರ್ಡಿಂಗ್ ರಾಯರು ಇದ್ದೇ ಇರುತ್ತಾರೆ. ಅವರ ಮನೆ ಹುಡುಕಲು ವಿಳಾಸ ಬೇಡ, ತಾರಸಿಯ ಕಡೆ ತಲೆಯೆತ್ತಿದರೆ ಸಾಕು. ಎರಡು ತಟ್ಟೆ ಆಂಟೆನಾ, ಅದರಲ್ಲೊಂದರ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ, ಅಲ್ಲಿಂದ ಹೊರಟ ಮೂರು ಕಪ್ಪು ಕೇಬಲ್ಲುಗಳು. ಒಂದು ವೆಂಟಿಲೇಟರಿನಲ್ಲಿ, ಒಂದು ಕಿಟಕಿಯ ಸಂದಿಯಲ್ಲಿ, ಇನ್ನೊಂದು ಸೊಳ್ಳೆ ಜಾಲರಿಗೆ ಕೊರೆದ ತೂತಿನಲ್ಲಿ ಒಳಗೆ ಇಳಿದಿರುತ್ತವೆ. ಸೊಳ್ಳೆಗಳೂ ಈಗ ಅದೇ ದಾರಿ ಹಿಡಿದಿವೆ ಎಂಬುದು ಮನೆಯಾಕೆಯ ದೂರು.

ರಾಯರು ಸಾರ್ವಜನಿಕ ಉದ್ದಿಮೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಸವೆದು ನಿವೃತ್ತರಾದವರು. ಬಂದ ಮಾಲಿಗೆ ರಸೀದಿ, ಹೋದ ಮಾಲಿಗೆ ಸಹಿ, ಉಳಿದ ಮಾಲಿಗೆ ಬೀಗ. ಮನೆಗೆ ಬಂದು ಕೂತ ಮೇಲೆ ದಾಸ್ತಾನು ಮಾಡಲು ಏನೂ ಸಿಗಲಿಲ್ಲ. ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸಲು ಹೋಗಿ ಮೊದಲ ದಿನವೇ ಉಗಿಸಿಕೊಂಡರು. ಕೊನೆಗೆ ಆಕಾಶದಿಂದ ಬರುವ ಧಾರಾವಾಹಿಗಳನ್ನೇ ದಾಸ್ತಾನು ಮಾಡತೊಡಗಿದರು.

ಮನೆಯಲ್ಲಿ ಟಿವಿ ಮೂರು. ಶಾಂತಿ ಬೇಕೆಂದೇ ಮೂರಾದದ್ದು. ಸಂಜೆ ಏಳರಿಂದ ಹತ್ತರವರೆಗೆ ಹಾಲಿನಲ್ಲಿ ಮನೆಯಾಕೆಗೆ ಧಾರಾವಾಹಿ, ಮಹಡಿಯಲ್ಲಿ ಮೊಮ್ಮಗನಿಗೆ ಕ್ರಿಕೆಟ್, ಹಿಂದಿನ ಕೋಣೆಯ ಡಬ್ಬಾ ಟಿವಿಯಲ್ಲಿ ರಾಯರ ತಾಯಿಗೆ ಚಂದನ. ಈ ಅಜ್ಜಿ ‘ಥಟ್ ಅಂತ ಹೇಳಿ’ಯಲ್ಲಿ ಸ್ಪರ್ಧಿಗಿಂತ ಮೊದಲೇ ಉತ್ತರ ಹೇಳಿ, ಅವನು ತಪ್ಪಿದರೆ “ಅಯ್ಯೋ ಮಂಕೇ” ಎಂದು ಬೈಯುತ್ತಾರೆ. ಸೊಸೆ ಕೆಲಸ ಮುಗಿಸಿ ಬರುವುದು ಒಂಬತ್ತೂವರೆಗೆ. ಅಷ್ಟರಲ್ಲಿ ಅವಳ ಮೆಚ್ಚಿನ ನಾಯಕಿ ಆ ದಿನದ ಪಾಲಿನ ಕಣ್ಣೀರು ಮುಗಿಸಿರುತ್ತಾಳೆ. ಮಗ ಏನೂ ನೋಡುವುದಿಲ್ಲ, ಬಿಲ್ಲು ಕಟ್ಟುತ್ತಾನೆ. ಹೀಗಾಗಿ ಬಂದದ್ದನ್ನು ಹಿಡಿದಿಟ್ಟು ಬೇಕಾದವರಿಗೆ ಬೇಕಾದಾಗ ಕೊಡುವ ಒಂದು ಏರ್ಪಾಡು ಆಗಬೇಕಾಯಿತು.

ಸುಲಭದ ದಾರಿ ಇರಲಿಲ್ಲವೆಂದಲ್ಲ. 2008ರಲ್ಲೇ ಟಾಟಾ ಸ್ಕೈ ಪ್ಲಸ್ ಎಂಬ ಡಬ್ಬಿ ಬಂದಿತ್ತು. ಒಳಗೇ ಹಾರ್ಡ್‌ಡಿಸ್ಕ್, ಒಂದು ಚಾನೆಲ್ ನೋಡುತ್ತಿರುವಾಗಲೇ ಇನ್ನೊಂದನ್ನು ಹಿಡಿದಿಡುವ ಸೌಕರ್ಯ. “ಮೂರಕ್ಕೂ ಅಂಥದ್ದೇ ಒಂದೊಂದು ಹಾಕಿಸಿಬಿಡೋಣ ಅಪ್ಪ” ಎಂದ ಮಗ. ರಾಯರಿಗೆ ಆ ರಾತ್ರಿ ಊಟ ಸೇರಲಿಲ್ಲ. “ಮೂರು ಡಬ್ಬಿ ದುಡ್ಡಲ್ಲಿ ಒಂದು ಮುಂಜಿ ಮಾಡಬಹುದು” ಎಂದರು. ಯಾರ ಮುಂಜಿ ಎಂದು ಯಾರೂ ಕೇಳಲಿಲ್ಲ.

ಇಲ್ಲಿಂದ ಶುರುವಾಯಿತು ಅಗ್ಗದ ಯೋಜನೆ. ಇದರ ಲೆಕ್ಕಕ್ಕೆಂದೇ ಬ್ಯಾಂಕಿನವರು ಕೊಟ್ಟ ಹಳೆಯ ಡೈರಿಯೊಂದಿದೆ. ಎಡಗಡೆ ಖರ್ಚು, ಬಲಗಡೆ ಉಳಿತಾಯ. ಎಡಗಡೆ ಪೆನ್‌ಡ್ರೈವ್ 450 ಎಂದಿದ್ದರೆ ಬಲಗಡೆ ‘ದುಬಾರಿ ಡಬ್ಬಿ ಕೊಳ್ಳದ್ದರಿಂದ 5,550’ ಎಂದಿರುತ್ತದೆ. ಕೊಳ್ಳದೆ ಬಿಟ್ಟ ವಸ್ತುಗಳ ಬೆಲೆಯೆಲ್ಲ ರಾಯರಿಗೆ ಆದಾಯ. ಹೀಗೆ ಬಲಗಡೆಯ ಮೊತ್ತ ಏರಿ ಏರಿ, ಇವತ್ತಿಗೆ ಅವರು ಕಾಗದದ ಮೇಲೆ ಸಾಕಷ್ಟು ಸ್ಥಿತಿವಂತರು.

2019ರ ಫೆಬ್ರವರಿ ಒಂದರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಟಿವಿ ಚಾನೆಲ್‌ಗಳಿಗೆ ಹೊಸ ದರಪದ್ಧತಿ ಜಾರಿಗೆ ತಂದಾಗ ಊರೆಲ್ಲ ಗೊಣಗಿತು. ರಾಯರೊಬ್ಬರಿಗೇ ಹಬ್ಬ. ನೂರು ಚಾನೆಲಿಗೆ 130 ರೂಪಾಯಿ, ಮೇಲೆ ಶೇಕಡ 18 ತೆರಿಗೆ, ಒಟ್ಟು 153 ರೂಪಾಯಿ 40 ಪೈಸೆ. ಬೇಕಾದ ಚಾನೆಲಿಗೆ ಬೇರೆ ದುಡ್ಡು. ಒಂದು ಎಚ್‌ಡಿ ಚಾನೆಲ್ ಲೆಕ್ಕದಲ್ಲಿ ಎರಡಕ್ಕೆ ಸಮ. ಕೆಂಪು ಪೆನ್ನು ಹಿಡಿದು ಕೂತ ರಾಯರು ಮನೆಮಂದಿಯನ್ನು ಒಬ್ಬೊಬ್ಬರಾಗಿ ಕರೆದು ವಿಚಾರಣೆ ನಡೆಸಿದರು. “ಈ ಚಾನೆಲ್ ಕಳೆದ ತಿಂಗಳು ಎಷ್ಟು ಸಲ ನೋಡಿದೆ?” ಮೊಮ್ಮಗ ಕಾರ್ಟೂನಿಗಾಗಿ ಅತ್ತ. ಅಜ್ಜಿ ಮಾತ್ರ “ನನ್ನದು ಸರ್ಕಾರಿ ಚಾನೆಲ್ಲಪ್ಪ, ಅದಕ್ಕೆ ದುಡ್ಡಿಲ್ಲ” ಎಂದು ಸರ ಎಣಿಸುತ್ತಾ ಎದ್ದುಹೋದರು. ಮರುವರ್ಷ ಅದೇ 130ಕ್ಕೆ ಇನ್ನೂರು ಚಾನೆಲ್, ಅದೇ ಮನೆಯ ಎರಡನೇ ಟಿವಿಗೆ ಆ ಶುಲ್ಕದಲ್ಲಿ ಶೇಕಡ 40 ಮಾತ್ರ, ಅಂದರೆ 52 ರೂಪಾಯಿ ಎಂಬ ಸುದ್ದಿ ಬಂತು. ರಾಯರು ಅಂದು ದೇವರಿಗೆ ಎರಡು ತೆಂಗಿನಕಾಯಿ ಒಡೆದರು. ಎರಡನೆಯದು ಚಿಕ್ಕದು.

ಮೂರು ಟಿವಿಗೂ ಅಗ್ಗದ ಡಬ್ಬಿಗಳೇನೋ ಬಂದವು, ಕೇಬಲ್ ಎಳೆಯುವುದು ಉಳಿಯಿತು. ಡಬ್ಬಿ ಕೂರಿಸಲು ಬಂದ ಹುಡುಗ ತಟ್ಟೆಯ ಮೂತಿಯಲ್ಲಿರುವ ಎಲ್‌ಎನ್‌ಬಿ ಬದಲಾಯಿಸಬೇಕು ಎಂದ. ರಾಯರು ಅವನನ್ನು ಕಳಿಸಿ, ಎಸ್.ಪಿ. ರೋಡಿಗೆ ಹೋಗಿ ಒಂದು ಸ್ಪ್ಲಿಟ್ಟರ್ ತಂದು ಸಿಕ್ಕಿಸಿದರು. ಈ ಎಲ್‌ಎನ್‌ಬಿಯ ಗುಣವೇನೆಂದರೆ, ಕೆಳಗಿನ ಡಬ್ಬಿ 13 ವೋಲ್ಟ್ ಕಳಿಸಿದರೆ ನೆಟ್ಟಗೆ ಬರುವ ಅಲೆಯ ಚಾನೆಲ್‌ಗಳನ್ನು ಕೊಡುತ್ತದೆ, 18 ಕಳಿಸಿದರೆ ಅಡ್ಡಡ್ಡ ಬರುವ ಅಲೆಯವನ್ನು. ಒಂದೇ ತಂತಿಯಲ್ಲಿ ಇಬ್ಬರು ಎರಡು ಬೇಡಿಕೆ ಇಟ್ಟರೆ ಹೆಚ್ಚು ವೋಲ್ಟಿನವರದೇ ಗೆಲುವು. ಅಜ್ಜಿ ಕೋಣೆಯಲ್ಲಿ ಗುಂಡಿ ಒತ್ತಿದರೆ ಮಹಡಿಯಲ್ಲಿ ವಿಕೆಟ್ಟೇ ಮಾಯ. ಇದರ ಗುಟ್ಟು ಮೊದಲು ತಿಳಿದದ್ದು ಮೊಮ್ಮಗನಿಗೆ. ಪರದೆ ಕಪ್ಪಾದೊಡನೆ ಮೆಟ್ಟಿಲ ಮೇಲಿಂದ ಕೂಗುತ್ತಿದ್ದ: “ಮುತ್ತಜ್ಜೀ, ಚಾನೆಲ್ ಬದಲಾಯಿಸು!”

ಆಮೇಲಿನ ಪ್ರಯೋಗ ಇನ್ನೂ ಸರಳ. ಹಾಲಿನ ಡಬ್ಬಿಯಿಂದಲೇ ಕೆಂಪು, ಬಿಳಿ, ಹಳದಿ ತಂತಿಗಳನ್ನು ಎಲ್ಲ ಕೋಣೆಗೂ ಎಳೆಯುವುದು. ಭಾನುವಾರವಿಡೀ ಏಣಿ ಹತ್ತಿ ಇಳಿದು, ಸಂಜೆಗೆ ಮೂರು ಟಿವಿಯಲ್ಲೂ ಚಿತ್ರ ಬಂತು. ಮೂರರಲ್ಲೂ ಒಂದೇ ಚಿತ್ರ. ಮನೆಯಾಕೆ ಒಂದು ಸುತ್ತು ಹಾಕಿ ನೋಡಿ ಬಂದು, “ಏನ್ರೀ, ಇದಕ್ಕೆ ಎಲ್ಲರೂ ಹಾಲಲ್ಲೇ ಕೂತ್ಕೊಂಡು ನೋಡಬಹುದಿತ್ತಲ್ವಾ?” ಎಂದರು. ರಾಯರು ಹಳದಿ ತಂತಿ ಸುತ್ತುತ್ತಾ ಉತ್ತರ ಕೊಡಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಏನೆಂದು ಆ ಮನೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕೊನೆಗೆ ಕೈಹಿಡಿದದ್ದು, ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇರುವ ಸಾಧಾರಣ ಡಬ್ಬಿ. ಪೆನ್‌ಡ್ರೈವ್ ಚುಚ್ಚಿದರೆ ಅದೇ ರೆಕಾರ್ಡರ್. ಡ್ರಾಯರಿನಲ್ಲಿ ಸಿಕ್ಕ ಪೆನ್‌ಡ್ರೈವನ್ನು ರಾಯರು ಚುಚ್ಚಿದರು. ಡಬ್ಬಿ ಇಂಗ್ಲಿಷಿನಲ್ಲಿ ಏನೋ ಕೇಳಿತು, ಇವರು ‘ಓಕೆ’ ಒತ್ತಿದರು. ಡಬ್ಬಿ ತನ್ನ ರೀತಿಗೆ ಅದನ್ನು ಫಾರ್ಮ್ಯಾಟ್ ಮಾಡಿಕೊಂಡಿತು. ಅದರಲ್ಲಿದ್ದದ್ದು ಮೊಮ್ಮಗನ ನಾಮಕರಣದ ಫೋಟೊಗಳು.

ಶುಭಕಾರ್ಯಗಳಿಗೂ ರಾಯರ ರೆಕಾರ್ಡಿಂಗಿಗೂ ಹಳೆಯ ವೈರವಿದೆ. ವಿಸಿಆರ್ ಕಾಲದಲ್ಲಿ ಕ್ಯಾಸೆಟ್ಟಿನ ಬೆನ್ನಿಗೆ ಒಂದು ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮುರಿದರೆ ಮತ್ತೆ ಅದರ ಮೇಲೆ ಯಾರೂ ರೆಕಾರ್ಡ್ ಮಾಡುವಂತಿಲ್ಲ. ರಾಯರ ಭಾವಮೈದುನ ತನ್ನ ಮದುವೆಯ ಕ್ಯಾಸೆಟ್ಟಿನ ಚೂರನ್ನು ಮುರಿದೇ ಅಕ್ಕನ ಮನೆಯಲ್ಲಿಟ್ಟಿದ್ದ. ಆ ತೂತಿನ ಮೇಲೆ ಸೆಲ್ಲೋಟೇಪು ಅಂಟಿಸಿದರೆ ಯಂತ್ರ ಮೋಸ ಹೋಗುತ್ತದೆ ಎಂಬುದು ರಾಯರಿಗೆ ಗೊತ್ತಿತ್ತು. ಹೊಸ ಕ್ಯಾಸೆಟ್ಟಿನ ದುಡ್ಡು ಉಳಿಯಿತು. ಈಗಲೂ ಆ ಕ್ಯಾಸೆಟ್ಟಿನಲ್ಲಿ ಪುರೋಹಿತರು ಕೈಯೆತ್ತಿ “ಗಟ್ಟಿಮೇಳ” ಎನ್ನುತ್ತಾರೆ, ಓಲಗ ಏರುತ್ತದೆ, ವರ ಮಾಂಗಲ್ಯ ಎತ್ತುತ್ತಾನೆ. ಅಷ್ಟರಲ್ಲಿ ಪರದೆ ಒಮ್ಮೆ ಬೆಚ್ಚಿ, 1987ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಡಿಫ್ರೀಟಸ್ ಎಸೆತಕ್ಕೆ ಗಾವಸ್ಕರ್ 4 ರನ್ನಿಗೆ ಬೌಲ್ಡ್ ಆಗುತ್ತಾರೆ. ಭಾರತ ಸೋತಿತು, ಭಾವಮೈದುನನ ಹೆಂಡತಿ ಮಾತು ಬಿಟ್ಟಳು. ಎರಡರಲ್ಲಿ ಯಾವುದಕ್ಕೆ ಹೆಚ್ಚು ದುಃಖಪಟ್ಟರೆಂದು ರಾಯರು ಇದುವರೆಗೂ ಹೇಳಿಲ್ಲ.

ಪೆನ್‌ಡ್ರೈವಿನ ಏರ್ಪಾಡಿಗೂ ತಕರಾರುಗಳಿದ್ದವು. ಅಗ್ಗದ ಡಬ್ಬಿಗೆ ಟ್ಯೂನರ್ ಒಂದೇ. ರೆಕಾರ್ಡ್ ಆಗುತ್ತಿರುವಷ್ಟು ಹೊತ್ತು ಆ ಟಿವಿಯಲ್ಲಿ ಬೇರೆ ಚಾನೆಲ್ ಹಾಕುವಂತಿಲ್ಲ. ಸೊಸೆಯ ಧಾರಾವಾಹಿ ಹಾಲಿನಲ್ಲಿ ದಾಸ್ತಾನಾಗುವಾಗ ಅತ್ತೆ ಸುಮ್ಮನೆ ಅದನ್ನೇ ನೋಡಬೇಕು, ಇಲ್ಲವೇ ಎದ್ದು ಹೋಗಿ ಚಪಾತಿ ಹಿಟ್ಟು ಕಲಸಬೇಕು. ಹೀಗೆ ಅತ್ತೆಗೆ ಸೊಸೆಯ ಧಾರಾವಾಹಿಯ ರುಚಿ ಹತ್ತಿತು. ಸೊಸೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, “ಇವತ್ತು ಅವಳಿಗೆ ಎಲ್ಲಾ ಗೊತ್ತಾಗಿಬಿಡ್ತು ಕಣೇ” ಎಂದು ಕಥೆ ಪೂರ್ತಿ ಹೇಳಿ ಮುಗಿಸುತ್ತಾರೆ. ರೆಕಾರ್ಡಿಂಗ್ ನೋಡುವ ಅಗತ್ಯವೇ ಬೀಳುವುದಿಲ್ಲ.

ಮೇಲಾಗಿ, ಹಾಲಿನ ಡಬ್ಬಿಯಲ್ಲಿ ಹಿಡಿದದ್ದನ್ನು ಮಹಡಿಯ ಡಬ್ಬಿಗೆ ಚುಚ್ಚಿದರೆ ಅದು ತೆರೆಯುವುದೇ ಇಲ್ಲ. ಕಂಪ್ಯೂಟರಿನಲ್ಲೂ ಇಲ್ಲ. ಪ್ರತಿ ಡಬ್ಬಿಯೂ ತಾನು ಹಿಡಿದದ್ದಕ್ಕೆ ತನ್ನದೇ ಬೀಗ ಹಾಕಿಕೊಳ್ಳುತ್ತದೆ. ತಮಗಿಂತ ಕಟ್ಟುನಿಟ್ಟಿನ ಸ್ಟೋರ್‌ಕೀಪರನ್ನು ರಾಯರು ಕಂಡದ್ದು ಅದೇ ಮೊದಲು. ಬೈದರು, ಆದರೆ ಒಳಗೊಳಗೇ ಗೌರವವೂ ಹುಟ್ಟಿತು.

ಇಷ್ಟಾದರೂ ನಿಜವಾದ ಶತ್ರು ಹಿಂದಿನ ಕೋಣೆಯಲ್ಲಿತ್ತು. ರೆಕಾರ್ಡ್ ಆಗಬೇಕಾದರೆ ಡಬ್ಬಿ ಮಲಗಿದ್ದರೂ ಕರೆಂಟ್ ಇರಬೇಕು. ಅಜ್ಜಿಯ ಕಾಲದ ನೀತಿಯೇ ಬೇರೆ. ರಾತ್ರಿ ಮಲಗುವ ಮುನ್ನ ಗೋಡೆ ಹಿಡಿದುಕೊಂಡು ಮನೆಯೆಲ್ಲ ಸುತ್ತಿ ಒಂದೊಂದೇ ಸ್ವಿಚ್ಚು ಆರಿಸುತ್ತಾರೆ. ಸ್ವಿಚ್ಚಿನ ಮೇಲೆ ರಾಯರು ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದರು. ಅಜ್ಜಿ ಊರುಗೋಲಿನಲ್ಲಿ ಆರಿಸಿದರು. “ನೀನೇ ತಾನೆ ಉಳಿತಾಯ ಉಳಿತಾಯ ಅಂತೀಯಾ? ಕರೆಂಟ್ ಉಳಿಸಿದ್ದು ತಪ್ಪಾ?” ಎಂದು ಕೇಳಿದಾಗ ರಾಯರ ಬಳಿ ಮಾತಿರಲಿಲ್ಲ. ಉಳಿತಾಯ ಎಂಬುದು ಆ ಮನೆಯಲ್ಲಿ ತಾಯಿಯಿಂದ ಮಗನಿಗೆ ಬಂದ ಆಸ್ತಿ.

ಈ ಎಲ್ಲವನ್ನೂ ದಾಟಿ ಸಿಕ್ಕ ಸಂಚಿಕೆಗಳು ದಾಸ್ತಾನಿನಲ್ಲಿವೆ. ಎಚ್‌ಡಿಯಾದರೆ ಗಂಟೆಗೆ ಮೂರರಿಂದ ನಾಲ್ಕು ಜಿಬಿ ನುಂಗುತ್ತದೆಂದು ರಾಯರು ಸಾದಾ ಚಾನೆಲನ್ನೇ ಹಿಡಿಯುತ್ತಾರೆ. ಹಾರ್ಡ್‌ಡಿಸ್ಕಿಗೆ ಚೀಟಿ, ಚೀಟಿಗೆ ಕ್ರಮಸಂಖ್ಯೆ, ಕ್ರಮಸಂಖ್ಯೆಗೆ ಡೈರಿಯಲ್ಲಿ ಪುಟ. ನಿಂತುಹೋದ ಧಾರಾವಾಹಿಗಳು, ನಾಯಕಿ ಬದಲಾದ ಧಾರಾವಾಹಿಗಳು, ಮಹಾಸಂಚಿಕೆ ಎಂದು ಗೊತ್ತಿಲ್ಲದೆ ಅರ್ಧ ಗಂಟೆಗೇ ನಿಂತ, ಕೊಲೆಗಾರ ಯಾರೆಂದು ತಿಳಿಯದ ರೆಕಾರ್ಡಿಂಗುಗಳು. “ಇವನ್ನೆಲ್ಲ ಯಾವಾಗ ನೋಡ್ತೀರಿ ರಾಯರೇ?” ಎಂದರೆ, “ನೋಡೋದು ಹಾಗಿರಲಿ ಸ್ವಾಮಿ, ಇದೆಯಲ್ಲ!” ಎನ್ನುತ್ತಾರೆ. ಅವರು ನೋಡುವುದೆಂದರೆ ಜಾಹೀರಾತು ಓಡಿಸುವ ಸುಖಕ್ಕೆ ಮಾತ್ರ. ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದೆಂಬ ನಿಯಮವಿದೆ. ಪಾಲನೆಯಾಗಿದೆಯೇ ಎಂದು ಗಡಿಯಾರ ಹಿಡಿದು ಪರೀಕ್ಷಿಸುತ್ತಾರೆ. ಹಾಗೆ ಉಳಿಸಿದ ನಿಮಿಷಗಳಲ್ಲಿ ತಾರಸಿ ಹತ್ತಿ ಕೇಬಲ್ಲಿನ ತುದಿಯ ತುಕ್ಕು ಒರೆಸುತ್ತಾರೆ.

ಹಾಗೆಂದು ಅವರನ್ನು ಅಣಕಿಸಿ ಮುಗಿಸುವಂತಿಲ್ಲ. ಬಡಾವಣೆಯಲ್ಲಿ ಯಾರಿಗೇ ಟಿವಿ ಕೈಕೊಟ್ಟರೂ ಮೊದಲ ಫೋನು ಅವರಿಗೇ. ಅವರ ಸಲಹೆ ಚಿನ್ನದಂಥದ್ದು. ಡಬ್ಬಿ ಕೊಳ್ಳುವಾಗ ಬಣ್ಣ ನೋಡಬೇಡಿ, ಟ್ಯೂನರ್ ಎಷ್ಟು ಕೇಳಿ. ಸ್ಪ್ಲಿಟ್ಟರಿಗೆ ಸುರಿಯುವ ದುಡ್ಡಿಗೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ. ಡಬ್ಬಿಯ ಕರೆಂಟಿನಲ್ಲೇ ಹಾರ್ಡ್‌ಡಿಸ್ಕ್ ತಿರುಗಲಾರದು, ಸ್ವಂತ ಅಡಾಪ್ಟರ್ ಇರುವುದನ್ನೇ ತನ್ನಿ. ಕಾರ್ಯಕ್ರಮಕ್ಕೆ ಐದು ನಿಮಿಷ ಮೊದಲು ಶುರು, ಕಾಲು ಗಂಟೆ ತಡವಾಗಿ ಮುಕ್ತಾಯ ಇಡಿ. ವಯಸ್ಸಾದವರ ಕೋಣೆಗೆ ದೂರದರ್ಶನದ ಫ್ರೀ ಡಿಶ್ ಹಾಕಿಸಿ, ಒಮ್ಮೆ ತಟ್ಟೆ, ಡಬ್ಬಿ ಕೊಂಡರೆ ಆಮೇಲೆ ತಿಂಗಳ ಬಾಡಿಗೆಯೇ ಇಲ್ಲ. ತಾರಸಿಯ ಎರಡನೇ ತಟ್ಟೆ ಅಜ್ಜಿಗಾಗಿ ಹಾಕಿಸಿದ್ದು. ಇಷ್ಟೆಲ್ಲ ಹೇಳಿ, ಬಂದವರ ಮನೆಗೂ ಹೋಗಿ ತಂತಿ ಬಿಗಿದು ಬರುತ್ತಾರೆ. ಕಾಸು ಕೇಳುವುದಿಲ್ಲ. ಅವರ ಡೈರಿಯಲ್ಲಿ ಕೂಲಿ ಎಂಬ ಬಾಬ್ತೇ ಇಲ್ಲ. ಇದ್ದಿದ್ದರೆ ಮೊದಲು ಮುಳುಗುತ್ತಿದ್ದದ್ದು ಅವರ ಮನೆಯ ಯೋಜನೆಯೇ.

ಈಚೆಗೆ ಮಗ ಯಾರನ್ನೂ ಕೇಳದೆ ಮೂರು ಟಿವಿಗೂ ಹೆಬ್ಬೆರಳಿನಷ್ಟುದ್ದದ ಸ್ಟಿಕ್ ಸಿಕ್ಕಿಸಿ, ಒಟಿಟಿಗೆ ವರ್ಷದ ಚಂದಾ ಕಟ್ಟಿದ. ಯಾವ ಸಂಚಿಕೆ ಬೇಕಾದರೂ ಯಾವಾಗ ಬೇಕಾದರೂ. ರೆಕಾರ್ಡಿಂಗೂ ಬೇಡ, ಸ್ವಿಚ್ಚಿನ ಕಾವಲೂ ಬೇಡ. ರಾಯರು ಎರಡು ದಿನ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು. ಹಿಡಿದಿಡಲು ಏನೂ ಇಲ್ಲದ ಕಡೆ ಸ್ಟೋರ್ಸಿಗೇನು ಕೆಲಸ? ಮೂರನೇ ದಿನ ಚಂದಾದ ಷರತ್ತುಗಳನ್ನು ಕನ್ನಡಕ ಏರಿಸಿ ಓದುತ್ತಾ ಹೋದವರು ಒಂದು ಸಾಲಿನ ಹತ್ತಿರ ನಿಂತರು. ಏಕಕಾಲಕ್ಕೆ ಎರಡು ಪರದೆಗಳಲ್ಲಿ ಮಾತ್ರ ನೋಡಬಹುದು ಎಂದಿತ್ತು.

“ಟಿವಿ ಮೂರು, ಪರದೆ ಎರಡು” ಎಂದು ರಾಯರು ಎದ್ದು ನಿಂತರು. ಮುಖದಲ್ಲಿ ಕಳೆ ಬಂದಿತ್ತು. ಹಳೆಯ ಡೈರಿ ಬಂತು, ಸ್ಕೇಲು ಬಂತು, ಪುಟದ ತುಂಬ ಗೆರೆ ಬಿತ್ತು. “ಇನ್ನು ಮೇಲೆ ಯಾರು, ಎಷ್ಟು ಗಂಟೆಗೆ, ಯಾವ ಕೋಣೇಲಿ ನೋಡ್ತೀರಿ ಅಂತ ಹಿಂದಿನ ದಿನವೇ ಬರೆದು ಕೊಡಬೇಕು.”

“ನಾನು ನನ್ನ ಮೊಬೈಲಲ್ಲಿ ನೋಡ್ಕೋತೀನಿ ಬಿಡ್ರೀ” ಎಂದರು ಮನೆಯಾಕೆ.

“ಅದೂ ಪರದೆಯೇ. ಅದಕ್ಕೂ ಇಂಡೆಂಟ್ ಬೇಕು.”