ದ್ವೀಪದ ಫಿರಂಗಿ, ಊರಿನ ಬುರುಡೆ

ಕುಂದಗೋಳದಿಂದ ರಾತ್ರಿ ಬಸ್ಸು ಹತ್ತಿದೆವು. ನಾನೂರು ಚಿಲ್ಲರೆ ಕಿಲೋಮೀಟರ್ ಸೊಂಟ ಮುರಿದುಕೊಂಡು ಶ್ರೀರಂಗಪಟ್ಟಣದಲ್ಲಿ ಇಳಿದೆವು. ಮಕ್ಕಳಿಗೆ ಇತಿಹಾಸ ತೋರಿಸಬೇಕಲ್ಲ! ನಮ್ಮೂರಾಗ ಎಲ್ಲೈತಿ ಇತಿಹಾಸ?

ಸುತ್ತ ಕಾವೇರಿ, ನಡುವೆ ಕೋಟೆ. ಕರ್ನಲ್ ಬೇಲಿ ಕೈದಿಯಾಗಿದ್ದ ಸೆರೆಮನೆಗೆ ಹೋದೆವು. ಇಟ್ಟಿಗೆಯ ಕಮಾನು. ಗೋಡೆಯಿಂದ ಚಾಚಿದ ಕಲ್ಲುಚಪ್ಪಡಿಗಳಲ್ಲಿ ತೂತು. ಕೈದಿಗಳ ಕೈಗೆ ಸರಪಳಿ ಬಿಗಿಯುತ್ತಿದ್ದುದು ಅಲ್ಲಿ. ನಮ್ಮ ಮಂದಿ ತಾವಾಗಿಯೇ ಕೈ ಚಾಚಿ ನಿಂತರು. ಹಲ್ಲು ಕಿರಿದರು. ಸೆಲ್ಫಿ ಆಯಿತು. ಇಂಗ್ಲಿಷರ 1799ರ ಮುತ್ತಿಗೆಯಲ್ಲಿ ಮೇಲಿನಿಂದ ಚಾವಣಿ ಒಡೆದು ಬಿದ್ದ ಫಿರಂಗಿ ಇನ್ನೂ ಅಲ್ಲೇ ಇದೆ. ಅದರ ಮೇಲೊಂದು ಕೂಸು. ಕೂಸಿನ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ಟು.

ಹೊರಗೆ ಒಬ್ಬ ಮೊಳೆ ಹಿಡಿದು ಗೋಡೆಯ ಮೇಲೆ ತನ್ನ ಹೆಸರು ಕೊರೆಯುತ್ತಿದ್ದ. ಪಕ್ಕದಲ್ಲೇ ಇಬ್ಬರು ಟಿಪ್ಪು ದೇಶಭಕ್ತನೋ ಮತಾಂಧನೋ ಎಂದು ಜಗಳಕ್ಕಿಳಿದಿದ್ದರು; ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. 2015ರಲ್ಲಿ ಒಂದು ಸರ್ಕಾರಕ್ಕೆ ಜಯಂತಿ ಬೇಕಾಯಿತು. 2019ರಲ್ಲಿ ಇನ್ನೊಂದಕ್ಕೆ ಬೇಡವಾಯಿತು. ಮೊಳೆಯವನು ಯಾರಿಗೂ ಕಾಣಲಿಲ್ಲ.

ಇದೇ ದ್ವೀಪದ ಸೆರೆಯಲ್ಲಿದ್ದ ಬಂಡುಕೋರ ಧೋಂಡಿಯಾ ವಾಘ್, ಟಿಪ್ಪು ಬಿದ್ದ ಗದ್ದಲದಲ್ಲಿ ಹೊರಬಿದ್ದ. ಬಂದದ್ದೆಲ್ಲಿಗೆ? ನಮ್ಮ ಸೀಮೆಗೆ. ಬೆನ್ನು ಹತ್ತಿ ಬಂದವನು ಇಂಗ್ಲಿಷ್ ದಂಡಿನ ಆರ್ಥರ್ ವೆಲ್ಲೆಸ್ಲಿ. 1800ರ ಜುಲೈಯಲ್ಲಿ ಧೋಂಡಿಯಾನ ದಂಡು ಕುಂತಿದ್ದ ಕುಂದಗೋಳದ ಕೋಟೆಗೆ ವೆಲ್ಲೆಸ್ಲಿ ಏಣಿ ಹಚ್ಚಿಸಿ ಹಿಡಿದ. 15 ವರ್ಷದ ಮೇಲೆ ವಾಟರ್ಲೂದಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು ಇವನೇ.

ಊರಿಗೆ ಬಂದು ಕಟ್ಟೆಯ ಮೇಲಿದ್ದವರನ್ನು ಕೇಳಿದೆ. "ಕ್ವಾಟಿ? ಅದೆಲ್ಲಾ ಮೈಸೂರ ಕಡಿ ಬಿಡ್ರಿ ಸರ." ನೆಪೋಲಿಯನ್ ಗೊತ್ತು. ವಾಟರ್ಲೂ ಗೊತ್ತು. ಕುಂದಗೋಳದವರಿಗೆ ಕುಂದಗೋಳ ಗೊತ್ತಿಲ್ಲ.

ನಮ್ಮ ಸೀಮೆಯದೇ ಅಣ್ಣಿಗೇರಿಯ ಕಥೆ ಇನ್ನೂ ಚಂದ. 2010ರಲ್ಲಿ ಗಟಾರ ತೋಡುವಾಗ ಸಾಲುಸಾಲಾಗಿ ಜೋಡಿಸಿಟ್ಟ ತಲೆಬುರುಡೆ ಸಿಕ್ಕವು. ಒಂದೆರಡಲ್ಲ, ಸುಮಾರು 600. ಬರ ಎಂದರು. ಯುದ್ಧ ಎಂದರು. ಟಿವಿಯವರು ಬಂದರು, ಹೋದರು. ನಾವೂ ಮರೆತೆವು. ಕಂಪನಿ ಸರ್ಕಾರದ ಒಬ್ಬ ಕರ್ನಲ್ ಕೂತ ಕೋಣೆಗೆ ಬೋರ್ಡು, ಹುಲ್ಲುಹಾಸು, ಹೂಗಿಡ. ನಮ್ಮ 600 ತಲೆ ಕಾಣಬೇಕಾದರೆ ಗಟಾರ ತೋಡಬೇಕು.

ಆದರೂ ಅಭಿಮಾನಕ್ಕೆ ಬರವಿಲ್ಲ. ಇತಿಹಾಸದ ಹೆಸರಿನಲ್ಲಿ ತಲೆ ಒಡೆದುಕೊಳ್ಳಲು ನಾವು ಸದಾ ತಯಾರು. ಒಡೆದ ತಲೆ ಎಣಿಸಲು ಮಾತ್ರ ಪುರುಸೊತ್ತಿಲ್ಲ.

ಪ್ರವಾಸದ ಪಟ್ಟಿ ಬರೆಯುವ ಮಾಸ್ತರರೇ, ಈ ಸಲ ಮೈಸೂರಿಗೆ ಮುಂಚೆ ಒಂದು ದಿನ ನಮ್ಮ ಸೀಮೆ ಸುತ್ತಿಸಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಇದೆ, ಕುಂದಗೋಳದ ಶಂಭುಲಿಂಗ ಗುಡಿ ಇದೆ. ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ಮನೆ. ಹೊರಡುವ ಮೊದಲು ಮಕ್ಕಳ ಕಿಸೆ ಮಾತ್ರ ನೋಡಿ. ಮೊಳೆ ಇದ್ದೀತು.