ಸಾಯದ ದಾರಿಗಳ ಪುನರುಜ್ಜೀವನ: ಬೆಳವಣಕಿ ಕೇಂದ್ರಿತ ಒಂದು ಘನ ಸಂಶೋಧನೆ

ಯಾವುದನ್ನಾದರೂ ಪುನರುಜ್ಜೀವನಗೊಳಿಸಬೇಕಾದರೆ ಮೊದಲು ಅದು ಸತ್ತಿರಬೇಕು. ಇದು ನಮ್ಮ ಶಾಸ್ತ್ರದ ಪ್ರಥಮ ಸೂತ್ರ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಪಾದಯಾತ್ರೆಯ ದಾರಿಗಳು ಈ ಕನಿಷ್ಠ ಅರ್ಹತೆಯನ್ನೂ ಗಳಿಸಿಲ್ಲವೆಂದು ವಿಷಾದದಿಂದ ದಾಖಲಿಸಬೇಕಾಗಿದೆ. ಬನದ ಹುಣ್ಣಿಮೆ ಬಂತೆಂದರೆ ಜನ ಬಾದಾಮಿಯ ಬನಶಂಕರಿಗೆ ನಡೆಯುತ್ತಾರೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಯುಗಾದಿ ಮುಂದಿಟ್ಟುಕೊಂಡು ಶ್ರೀಶೈಲದ ಮಲ್ಲಯ್ಯನಲ್ಲಿಗೆ. ಯೋಜನಾ ವರದಿ ಇಲ್ಲ, ಉದ್ಘಾಟನೆ ಇಲ್ಲ, ಯಾರನ್ನೂ ಒಂದು ಮಾತು ಕೇಳುವುದಿಲ್ಲ. ವಿದ್ವಾಂಸರು ಬಂದು ಪತ್ತೆ ಹಚ್ಚುವವರೆಗೂ ಕಾಯದೆ ನಡೆದುಬಿಡುವ ಈ ಅಶಿಸ್ತೇ ಪ್ರಸ್ತುತ ಪ್ರಬಂಧದ ಸಮಸ್ಯೆ.

ಅಧ್ಯಯನಕ್ಕೆ ಈ ಸೀಮೆಯ ಬೆಳವಣಕಿ ಎಂಬ ಊರೇ ಏಕೆ? ಸೂಡಿಗೆ ಅಕ್ಕಾದೇವಿಯ ಆಳ್ವಿಕೆಯ ಕೀರ್ತಿಯಿದೆ, ಜೋಡು ಕಳಸದ ಗುಡಿಯಿದೆ, ನಾಗಕುಂಡವಿದೆ. ಗಜೇಂದ್ರಗಡಕ್ಕೆ ಕೋಟೆಯಿದೆ, ಗುಡ್ಡದ ತುಂಬ ಗಾಳಿಯಂತ್ರಗಳಿವೆ. ನರಗುಂದಕ್ಕೆ 1858ರ ಬಂಡಾಯವೂ 1980ರ ಬಂಡಾಯವೂ ಇವೆ. ಇಂಥ ಊರುಗಳ ಮೇಲೆ ಬರೆಯುವವರಿಗೆ ಕೊರತೆಯಿಲ್ಲ. ಆದರೆ ಯಾತ್ರಿಕ ನಡೆಯುವುದು ಕ್ಷೇತ್ರದಲ್ಲಲ್ಲ, ಕ್ಷೇತ್ರಗಳ ನಡುವೆ. ಎರಡು ಪುಣ್ಯಕ್ಷೇತ್ರಗಳ ನಡುವಿನ ನೆಲವೆಲ್ಲ ತಾತ್ವಿಕವಾಗಿ ಬೆಳವಣಕಿಯೇ ಎಂಬುದು ನಮ್ಮ ಪ್ರತಿಪಾದನೆ. ಕೈಪಿಡಿಗಳಲ್ಲಿ ಅದಕ್ಕೆ ಅರ್ಧ ಸಾಲೂ ಸಿಗದಿರುವುದು ಈ ಪ್ರತಿಪಾದನೆಗೆ ಒದಗಿದ ಪ್ರಬಲ ಪುರಾವೆ.

ತೌಲನಿಕ ಅಧ್ಯಯನವಿಲ್ಲದ ಸಂಶೋಧನೆಗೆ ಬೆಲೆಯಿಲ್ಲವಾದ್ದರಿಂದ ಸ್ಪೇನ್ ದೇಶಕ್ಕೆ ಹೋಗೋಣ (ಲೇಖಕನು ಗ್ರಂಥಮುಖೇನ ಹೋಗಿಬಂದಿದ್ದಾನೆ). ಅಲ್ಲಿ ಸಾಂತಿಯಾಗೊ ದೆ ಕೊಂಪೊಸ್ತೇಲಾ ಎಂಬ ಕ್ಷೇತ್ರವಿದೆ. 12ನೇ ಶತಮಾನದಲ್ಲೇ ಯಾತ್ರಿಕರಿಗೆ ಕೈಪಿಡಿ ಬರೆದಿಟ್ಟ ಅಲ್ಲಿಯ ದಾರಿ, ಕಾಲಕ್ರಮದಲ್ಲಿ ಸೊರಗಿ ಪುನರುಜ್ಜೀವನಕ್ಕೆ ಯೋಗ್ಯವಾಗುವ ಸೌಜನ್ಯ ತೋರಿತು. 1980ರ ದಶಕದಲ್ಲಿ ಎಲಿಯಾಸ್ ವಲಿನ್ಯಾ ಎಂಬ ಹಳ್ಳಿಯ ಪಾದ್ರಿ ಹಳದಿ ಬಣ್ಣ ಹಿಡಿದು ದಾರಿಯುದ್ದಕ್ಕೂ ಬಾಣದ ಗುರುತು ಬರೆಯುತ್ತ ಹೋದ. 1987ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಅದನ್ನು ಸಾಂಸ್ಕೃತಿಕ ಮಾರ್ಗವೆಂದು ಸಾರಿತು, 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿಕೊಂಡಿತು. ಈಗ ಯಾತ್ರಿಕರ ಕೈಯಲ್ಲೊಂದು ಪುಸ್ತಿಕೆ. ತಂಗಿದಲ್ಲೆಲ್ಲ ಅದಕ್ಕೆ ಠಸ್ಸೆ ಒತ್ತಿಸಿಕೊಂಡು, ಕನಿಷ್ಠ 100 ಕಿಲೋಮೀಟರ್ ನಡೆದವರಿಗೆ ಪ್ರಮಾಣಪತ್ರ.

ನಮ್ಮಲ್ಲಿ ಠಸ್ಸೆಯೂ ಇಲ್ಲ, ಪತ್ರವೂ ಇಲ್ಲ, ನಡೆದದ್ದಕ್ಕೆ ಆಧಾರವೇನು? ಇಲ್ಲಿಯೇ ಪ್ರಸ್ತುತ ಲೇಖಕನ ಮೂಲ ಶೋಧವಿರುವುದು. ಅದನ್ನು ‘ಹಿಮ್ಮಡಿ ಶಾಸನಶಾಸ್ತ್ರ’ ಎಂದು ಕರೆಯಬಹುದು. ಬೇಸಾಯದ ಹೆಣ್ಣುಮಗಳ ಹಿಮ್ಮಡಿಯನ್ನು ಸಮೀಪದಿಂದ ನೋಡಿ (ಮೊದಲು ಅನುಮತಿ ಕೇಳಿ, ಇಲ್ಲದಿದ್ದರೆ ಪರಿಣಾಮಕ್ಕೆ ಲೇಖಕ ಹೊಣೆಯಲ್ಲ). ಅಂಚಿನಿಂದ ಮೇಲಕ್ಕೆ ಹೋದ ಬಿರುಕುಗಳು ಆಳವಾಗಿರುತ್ತವೆ, ಅಡ್ಡ ಬಂದವು ತೆಳು. ಆಳದ ಬಿರುಕಿನ ತಳದಲ್ಲಿ ಎರೆಮಣ್ಣಿನ ಕಪ್ಪು ಕೂತಿರುತ್ತದೆ. ಎಷ್ಟು ತಿಕ್ಕಿದರೂ ಹೋಗದ ಆ ಕಪ್ಪೇ ಮೊದಲ ಪದರ, ಅಂದರೆ ಬೆಳವಣಕಿ ಸೀಮೆ. ಅದರ ಮೇಲೆ ಹಳದಿ ಮಿಶ್ರಿತ ಬೂದು ಧೂಳು ಕಂಡರೆ ಮಲಪ್ರಭೆಯ ದಂಡೆ ದಾಟಿದ್ದಾಯಿತು. ಎಲ್ಲಕ್ಕೂ ಮೇಲೆ ಕೆಂಪು ಮರಳುಗಲ್ಲಿನ ಪುಡಿ ಹತ್ತಿದ್ದರೆ ಬಾದಾಮಿ ಮುಟ್ಟಿದ್ದು ನಿಸ್ಸಂಶಯ. ಅಷ್ಟು ಖಚಿತವಾದ ಠಸ್ಸೆಯನ್ನು ಸ್ಪೇನಿನ ಯಾವ ಛತ್ರದಲ್ಲೂ ಒತ್ತುವುದಿಲ್ಲ. ಬನಶಂಕರಿಯ ಹರಿಶ್ಚಂದ್ರ ತೀರ್ಥದಲ್ಲಿ ಕಾಲು ತೊಳೆದುಕೊಂಡು ಭಕ್ತರೇ ಈ ದಾಖಲೆಯನ್ನು ಅಳಿಸಿಹಾಕುತ್ತಿರುವುದು ಮಾತ್ರ ಇತಿಹಾಸಕ್ಕಾಗುತ್ತಿರುವ ತುಂಬಲಾರದ ನಷ್ಟ.

ಕ್ಷೇತ್ರಕಾರ್ಯದ ವಿವರ ಹೀಗಿದೆ. ನಕಾಶೆ ಹಿಡಿದು ದಾರಿಬದಿ ನಿಂತಿದ್ದ ಸಂಶೋಧಕನನ್ನು, ತಲೆಯ ಮೇಲೆ ಬುತ್ತಿಗಂಟು ಹೊತ್ತ ಒಬ್ಬ ವೃದ್ಧೆ ತಾನಾಗಿಯೇ ಸಂದರ್ಶಿಸಿದಳು.

“ಯಾಕ್ರಿ ಸರ, ದಾರಿ ತಪ್ಪಿತೇನು?”

“ಇಲ್ಲವ್ವಾ, ಪುರಾತನ ಯಾತ್ರಾಪಥ ಹುಡುಕುತ್ತಿದ್ದೇನೆ.”

“ಹುಡುಕೂದೇನೈತ್ರಿ ಅದರಾಗ? ಮುಂದ ಮಂದಿ ಹೊಂಟಿರತಾರ. ಅವರ ಹಿಂದ ಹೋಗೂದು.”

“ಮುಂದೆ ಯಾರೂ ಇಲ್ಲದಿದ್ದರೆ?”

“ಹಿಂದ ಬರತಿರತಾರಲ್ರಿ. ತುಸು ನಿಂತ್ರ ಆತು.”

ಇದನ್ನು ನಾವು ‘ಪೂರ್ವಾಪರ ಜನಾನುಸರಣ ಸಿದ್ಧಾಂತ’ವೆಂದು ಗುರುತಿಸಿಕೊಂಡೆವು. ಹಳದಿ ಬಾಣಕ್ಕೆ ತಗಲುವ ಬಣ್ಣದ ಖರ್ಚು ಇದರಲ್ಲಿ ಉಳಿಯುತ್ತದೆ. ಬಳಿಕ, ದಾರಿಯಲ್ಲಿ ಯಾವ ಸೌಲಭ್ಯ ಬೇಕು, ವ್ಯಾಖ್ಯಾನ ಕೇಂದ್ರವೆ, ಸ್ವಾಗತ ಕಮಾನೆ ಎಂದು ಪ್ರಶ್ನಾವಳಿಯಂತೆ ಕೇಳಲಾಯಿತು.

“ಹೆಣ್ಮಕ್ಕಳಿಗೆ ಒಂದೀಟು ಮರೆ ಬೇಕ್ರಿ. ಮೊದಲ ಜಾಲಿಗಿಡ ಇದ್ದುವು. ಈಗ ಕತ್ತಲಾಗೂತನಕ ತಡಕೊಂಡು ನಡೀಬೇಕು.”

ಪ್ರಶ್ನಾವಳಿಯಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ. ‘ಇತರೆ’ ಎಂಬಲ್ಲಿ ಗುರುತು ಹಾಕಿಕೊಳ್ಳಲಾಯಿತು.

ಯಾತ್ರಿಕರ ಸೌಲಭ್ಯದ ವಿಷಯದಲ್ಲಿ ಮಧ್ಯಯುಗದವರು ತೀರ ಹಿಂದುಳಿದಿದ್ದರು. ಶ್ರೀಶೈಲದ ದಾರಿಯನ್ನೇ ನೋಡಿ. ನಲ್ಲಮಲ ಕಾಡಿನ ಏರಿನಲ್ಲಿ ಜನ ಕಷ್ಟಪಡುತ್ತಾರೆಂದು 14ನೇ ಶತಮಾನದ ಪ್ರೋಲಯ ವೇಮಾರೆಡ್ಡಿ ಮೆಟ್ಟಿಲು ಕಟ್ಟಿಸಿದ. ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠ್ಠಲಾಂಬೆಯೂ ಕಟ್ಟಿಸಿದಳು. ಲಾಂಛನವಿಲ್ಲ, ಘೋಷವಾಕ್ಯವಿಲ್ಲ, ಬರೀ ಮೆಟ್ಟಿಲು! ಪ್ರಚಾರದ ಅರಿವೇ ಇಲ್ಲದ ಕಾಲ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯ ಬಳಿ ಪಾದರಕ್ಷೆಯ ಮಾತಿರಲಿ, ಪುಸ್ತಿಕೆಯೂ ಇರಲಿಲ್ಲ.

ಇಂದಿನವರು ಇನ್ನೂ ಮೊಂಡರು. ಮಲ್ಲಯ್ಯನನ್ನು ಕನ್ನಡನಾಡಿನ ಅಳಿಯನೆಂದು ಬಗೆದು, ಬೀಗರ ಮನೆಗೆ ಹೊರಟವರ ಸಲಿಗೆಯಲ್ಲಿ ಕಂಬಿ ಹೊತ್ತು ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಹಾದಿಯ ಊರಿನವರು ಪೆಂಡಾಲು ಹಾಕಿ ಉಣ್ಣಿಸುತ್ತಾರೆ, ಕಾಲಿಗೆ ಬಿಸಿನೀರು ಕೊಡುತ್ತಾರೆ, ಎಣ್ಣೆ ತಿಕ್ಕುತ್ತಾರೆ. ಇದರಿಂದ ಯಾತ್ರಿಕರ ತಲಾ ವೆಚ್ಚದ ಲೆಕ್ಕವೇ ತಪ್ಪಿಹೋಗುತ್ತದೆ. ದಾಸೋಹವು ಪ್ರವಾಸೋದ್ಯಮದ ಪರಮ ಶತ್ರುವೆಂದು ಇಲ್ಲಿ ಸಾಬೀತುಪಡಿಸಿದ್ದೇವೆ.

ಗಜೇಂದ್ರಗಡ ಸೀಮೆಯ ಕಾಲಕಾಲೇಶ್ವರನದು ಬೇರೆಯೇ ಪ್ರಕರಣ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ ಇಟ್ಟುಬಂದರೆ ಬೆಳಗಾಗುವುದರೊಳಗೆ ಗುಡಿಗೆ ಸುಣ್ಣ ಬಳಿದಿರುತ್ತದೆಂದು ಜನರ ನಂಬಿಕೆ. ಟೆಂಡರಿಲ್ಲದೆ, ಬಿಲ್ಲಿಲ್ಲದೆ, ಒಂದೇ ರಾತ್ರಿಯಲ್ಲಿ! ಕಾಮಗಾರಿ ವಿಳಂಬವನ್ನು ಅಭ್ಯಾಸ ಮಾಡುವವರು ಇದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಪೂರ್ವಪಕ್ಷವೊಂದನ್ನು ಇಲ್ಲಿ ಎತ್ತಬಹುದು. ಪ್ರವಾಸಿಗರ ಅನುಕೂಲಕ್ಕೆ ಯಾತ್ರೆಯನ್ನು ವರ್ಷದ ಹನ್ನೆರಡು ತಿಂಗಳಿಗೂ ಹಿಗ್ಗಿಸಬಾರದೇಕೆ? ಉತ್ತರ: ಎರೆ ಬಿಡುವುದಿಲ್ಲ. ಮಳೆ ಬಿದ್ದ ಎರೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕೆರ ಒಂದೊಂದು ಸೇರು ತೂಗುತ್ತದೆ, ಐದನೆಯದಕ್ಕೆ ಕಾಲು ಬರುತ್ತದೆ, ಕೆರ ಬರುವುದಿಲ್ಲ. ಹಿಂಗಾರಿ ಬಿತ್ತನೆ ಮುಗಿದು, ನೆಲ ಆರಿ, ಬಿಳಿಜೋಳ ತೆನೆಗೆ ಬಂದು, ಹಸಿಗಡಲೆ ಕೈಗೆ ಸಿಗುವ ಹೊತ್ತಿಗೆ ಸರಿಯಾಗಿ ಬನದ ಹುಣ್ಣಿಮೆ. ಸುಗ್ಗಿ ಮುಗಿದು ರೈತ ಕೈ ಕೊಡವಿಕೊಂಡಾಗ ಯುಗಾದಿ, ಶ್ರೀಶೈಲ. ಪಂಚಾಂಗ ಬರೆದವರು ನಕ್ಷತ್ರವನ್ನಷ್ಟೇ ಅಲ್ಲ, ನೆಲವನ್ನೂ ನೋಡಿದ್ದರು. ಈ ಒಂದು ವಾಕ್ಯವನ್ನು ಲೇಖಕ ವಿನೋದಕ್ಕೆ ಹೇಳಿದ್ದಲ್ಲ.

ಇನ್ನು ಶಿಫಾರಸುಗಳು. ಕಮಾನು, ಲಾಂಛನ, ಮಾರ್ಗಸೂಚಿ ಫಲಕ, ಫಲಕದಲ್ಲಿ ಭಾವಚಿತ್ರ, ಇವೆಲ್ಲ ಆಗಲಿ. ಆಗದಿದ್ದರೂ ಜನ ನಡೆಯುತ್ತಾರೆ. ಆದರೆ ಮಹನೀಯರೇ, ‘ಇತರೆ’ಯಲ್ಲಿ ಗುರುತು ಹಾಕಿದ ಒಂದು ಕೆಲಸವಿದೆ. ಬರುವ ಬನದ ಹುಣ್ಣಿಮೆಯೊಳಗೆ ದಾರಿಯ ಊರೂರಿನ ಶಾಲೆಗಳ ಶೌಚಾಲಯದ ಬೀಗ ತೆಗೆಸಿ, ನೀರು ಬಿಡಿಸಿ, ರಾತ್ರಿ ಲಾರಿಗಳಿಗೆ ಕಾಣುವಂತೆ ಡಾಂಬರು ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆಸಿ, ಅದರಾಚೆ ನಡೆಯಲು ನಾಲ್ಕಡಿ ನೆಲ ಬಿಡಿಸಿ. ಉದ್ಘಾಟನೆಗೆ ನಾವೇನೂ ಬರುವುದಿಲ್ಲ.