ಗೇಣಿಗೆ ಕೊಂಡ ಸಿನಿಮಾ

ಯುಗಾದಿಯ ಮಧ್ಯಾಹ್ನ. ಹೋಳಿಗೆ ಊಟ ಮುಗಿದಿತ್ತು. ಅಮ್ಮ ಕವಳದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಟಿ.ವಿ. ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತು, ಎಲೆಗೆ ಸುಣ್ಣ ಸವರುತ್ತಲೇ, "ನನ್ನ ಸಿನಿಮಾ ಹಾಕೋ" ಅಂದಳು.

ನನ್ನ ಸಿನಿಮಾ ಅಂದರೆ ಅದು ಅವಳದೇ. ಮೂರು ವರ್ಷದ ಹಿಂದೆ ಅವಳ ಹುಟ್ಟಿದ ದಿನಕ್ಕೆಂದು ನಾನು 190 ರೂಪಾಯಿ ಕೊಟ್ಟು ಕೊಂಡದ್ದು. ಹುಟ್ಟಿದ ದಿನ ಅಂದರೆ ಆಧಾರ್ ಕಾರ್ಡಿನವರು ದಯಪಾಲಿಸಿದ ಜನವರಿ 1. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಹುಟ್ಟಿದವಳು ಅನ್ನುವುದಕ್ಕಿಂತ ಹೆಚ್ಚಿನ ವಿವರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆವತ್ತು ಮೊಬೈಲಿನಲ್ಲಿ ಎರಡು ಗುಂಡಿಗಳಿದ್ದವು. ಒಂದು 'ಬಾಡಿಗೆ', 50 ರೂಪಾಯಿ. ಇನ್ನೊಂದು 'ಕೊಳ್ಳಿ', 190 ರೂಪಾಯಿ. ಬಾಡಿಗೆಯಾದರೆ ನೋಡಲು ಶುರುಮಾಡಿದ 48 ಗಂಟೆಯೊಳಗೆ ಮುಗಿಸಬೇಕು. ಅಮ್ಮ ಒಂದು ಸಿನಿಮಾವನ್ನು ನಡುವಿನ ನಿದ್ದೆ, ಕಾಫಿ, ಅಕ್ಕನ ಫೋನು, ಸಂಜೆಯ ದೀಪ ಎಲ್ಲ ಸೇರಿಸಿ ನಾಲ್ಕು ದಿನ ನೋಡುವವಳು. ಹಾಗಾಗಿ 'ಕೊಳ್ಳಿ' ಒತ್ತಿದೆ. ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು "ಅದು ಯೂಟ್ಯೂಬಲ್ಲಿ ಪುಕ್ಕಟೆ ಸಿಗುತ್ತಲ್ರೀ" ಎಂದು, ಅರ್ಧ ತಲೆ ಕತ್ತರಿಸಿದ, ನಾಲ್ಕು ಮೂಲೆಗೂ ನಾಲ್ಕು ಮುದ್ರೆ ಒತ್ತಿದ ಒಂದು ಪ್ರತಿಯ ಲಿಂಕ್ ಕಳಿಸುತ್ತೀರಿ.

ರಿಮೋಟ್ ಹಿಡಿದು 'ನನ್ನ ಲೈಬ್ರರಿ'ಗೆ ಹೋದೆ. ಅಲ್ಲಿ ಐದು ಸಿನಿಮಾ ಇರಬೇಕಿತ್ತು. ನಾಲ್ಕೇ ಇದ್ದವು. ಬಾಯಲ್ಲಿ ಒಂದು ಹಲ್ಲು ಬಿದ್ದರೆ ಸಂದಾದರೂ ಕಾಣುತ್ತದೆ, ನಾಲಿಗೆಯಾದರೂ ಹೋಗಿ ತಡವುತ್ತದೆ. ಇಲ್ಲಿ ಉಳಿದ ನಾಲ್ಕೂ ಪಕ್ಕಕ್ಕೆ ಸರಿದು, ಬಸ್ಸಿನ ಸೀಟಿನಲ್ಲಿ ಇಳಿದವನ ಜಾಗ ಹಂಚಿಕೊಂಡವರ ಹಾಗೆ ಆರಾಮಾಗಿ ಕೂತಿದ್ದವು. ಹೆಸರು ಕೊಟ್ಟು ಹುಡುಕಿದೆ. 'ಈ ಚಿತ್ರ ಈಗ ಲಭ್ಯವಿಲ್ಲ' ಎಂದಿತು.

"ಎಂತ ಆಯ್ತೋ?"

"ಇಲ್ಲ ಅಮ್ಮ. ತೆಗೆದುಬಿಟ್ಟಿದ್ದಾರೆ."

"ಯಾರು? ನಿನ್ನ ಹೆಂಡ್ತಿ ಯಾರಿಗಾದರೂ ಕೊಟ್ಟಿರಬೇಕು ನೋಡು. ಎದುರುಮನೆಯವರು ತಗೊಂಡು ಹೋದದ್ದು ಯಾವುದು ತಿರುಗಿ ಬಂದಿದೆ?"

ಅಡುಗೆಮನೆಯಿಂದ ನನ್ನ ಹೆಂಡತಿ, "ಅತ್ತೆ, ಅದು ಕೊಡೋ ಅಂಥದ್ದಲ್ಲ, ತಗೊಳ್ಳೋ ಅಂಥದ್ದೂ ಅಲ್ಲ" ಅಂದಳು. ಪಾತ್ರೆ ತೊಳೆಯುತ್ತಾ ಆಡಿದ ಈ ಮಾತಿನಷ್ಟು ಖಚಿತವಾಗಿ ಆ ವ್ಯಾಪಾರದ ಸ್ವರೂಪವನ್ನು ಆಮೇಲೆ ನನಗೆ ಯಾರೂ ವಿವರಿಸಲಿಲ್ಲ.

ಸಹಾಯವಾಣಿಗೆ ಬರೆದೆ. ಮೊದಲು ಹೆಣ್ಣು ಹೆಸರಿನ ಒಂದು ಯಂತ್ರ ನನ್ನ ಯೋಗಕ್ಷೇಮ ವಿಚಾರಿಸಿತು. ಆಮೇಲೆ ಒಬ್ಬ ಮನುಷ್ಯ ಬಂದ, ಅಥವಾ ಮನುಷ್ಯನ ಹೆಸರಿನ ಇನ್ನೊಂದು ಯಂತ್ರ. ಹಕ್ಕುದಾರರ ಜೊತೆಗಿನ ಒಪ್ಪಂದ ಮುಗಿದಿದೆ, ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಹೇಳಿ, 50 ರೂಪಾಯಿಯ ಕೂಪನ್ ಕೊಟ್ಟ. ಅದನ್ನು 30 ದಿನದೊಳಗೆ ಬಳಸಬೇಕಂತೆ. ವಿಷಾದಕ್ಕೂ ಅವಧಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಕಸ್ತೂರಿ ನಿವಾಸದ ಪಾರಿವಾಳದ ಕಥೆ ಆಯ್ತು" ಅಂದಳು. 1971ರ ಆ ಚಿತ್ರ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದವಳಿಗೆ ಊಟ ಹಾಕಲು ರಾಜ್‌ಕುಮಾರ್ ಪಾರಿವಾಳವನ್ನೇ ಮಾರಿರುತ್ತಾರೆ. ಅವಳು ಕೇಳಲು ಬಂದದ್ದೂ ಅದೇ ಪಾರಿವಾಳವನ್ನು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಊಟವಾದರೂ ಆಗಿತ್ತು.

ನಾನು ನಿವೃತ್ತ ಕನ್ನಡ ಮೇಷ್ಟ್ರು. ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು 'ಕೊಳ್ಳಿ' ಎಂಬ ಪದ. ಮೂವತ್ತು ವರ್ಷ ಹುಡುಗರಿಗೆ ಕ್ರಿಯಾಪದ ಹೇಳಿಕೊಟ್ಟವನು ನಾನೇ ಒಂದು ಕ್ರಿಯಾಪದದ ಕೈಯಲ್ಲಿ ಮೋಸಹೋಗಿದ್ದೆ. ಮರುದಿನ ಸಂಜೆ ಮೊಬೈಲ್ ತೆಗೆದುಕೊಂಡು ನಮ್ಮೂರ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿಗೆ ಕೂರುವ ಪತ್ರ ಬರೆಯುವವರ ಹತ್ತಿರ ಹೋದೆ. ಕುಮಟಾ ಕಡೆಯವರು, ನನ್ನ ವಾಕಿಂಗ್ ಸ್ನೇಹಿತರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಬರೆದು ಅವರ ಬೆರಳಿಗೆ ಗಂಟು ಬಂದಿದೆ. ನಾನು ಓದದೆ 'ಒಪ್ಪಿದೆ' ಎಂದು ಒತ್ತಿದ್ದ ಷರತ್ತುಗಳನ್ನು ಅವರು ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು ಅರ್ಧ ಗಂಟೆ ಓದಿದರು.

"ಮಾಸ್ತರ್ರೇ, ಇದು ಕ್ರಯ ಅಲ್ಲ" ಅಂದರು. "ಕ್ರಯ ಆದ್ರೆ ನೀವು ಮಾರಬಹುದು, ಮಗನಿಗೆ ಬಿಟ್ಟುಹೋಗಬಹುದು. ಇಲ್ಲಿ ಎರಡೂ ಇಲ್ಲ. ಭೋಗ್ಯ ಅನ್ನೋಣ ಅಂದ್ರೆ, ಭೋಗ್ಯದಲ್ಲಿ ಮನೆ ಬಿಡುವಾಗ ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರ್ತದೆ. ಬಾಡಿಗೆ ಅನ್ನೋಣ ಅಂದ್ರೆ, ಅದಕ್ಕೂ 11 ತಿಂಗಳ ಕರಾರು ಅಂತ ಇರ್ತದೆ, ಬಿಡಿಸಬೇಕಾದ್ರೆ ನೋಟಿಸ್ ಕೊಡಬೇಕು. ಇದು ಗೇಣಿ. ಅದರಲ್ಲೂ ನೀವು ಮೂಲಗೇಣಿ ಅಂದ್ಕೊಂಡಿದ್ರಿ, ಅವರು ಬರೆಸಿಕೊಂಡದ್ದು ಚಾಲಗೇಣಿ."

ಘಟ್ಟದ ಕೆಳಗಿನವರಿಗೆ ಈ ಎರಡು ಪದ ಗೊತ್ತು. ಮೂಲಗೇಣಿ ಅಂದರೆ ಗೊತ್ತುಮಾಡಿದ ಗೇಣಿ ಕೊಡುತ್ತಾ ತಲೆಮಾರುಗಟ್ಟಲೆ ಉಳುತ್ತಿರಬಹುದು. ಚಾಲಗೇಣಿ ಅಂದರೆ ಒಡೆಯನ ಮರ್ಜಿ ಇರುವವರೆಗೆ ಮಾತ್ರ. ನನ್ನ ಸಿನಿಮಾದ ಗದ್ದೆಯನ್ನು ಒಡೆಯರು ಬಿಡಿಸಿಕೊಂಡಿದ್ದರು.

ಗೇಣಿ ಎಂಬ ಪದ ಕಿವಿಗೆ ಬಿದ್ದ ಮೇಲೆ ನನ್ನ ಅಜ್ಜನ ನೆನಪಾಗದೆ ಇರಲು ಸಾಧ್ಯವಿಲ್ಲ. ನಮ್ಮದು ಸಾಗರ ತಾಲ್ಲೂಕು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳ 1951ರ ಕಾಗೋಡು ಸತ್ಯಾಗ್ರಹವಾಗಿ ಬೆಳೆದದ್ದು ಇಲ್ಲೇ. ಭತ್ತ ಬೆಳೆದವರು ಗೇಣಿದಾರರು, ಕೊಳಗ ಮಾತ್ರ ಒಡೆಯರದು. ಅದರ ಹೊಟ್ಟೆ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಿದ್ದರು. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಬಂತು, ಉಳುವವನೇ ಹೊಲದೊಡೆಯ ಎಂದಾಯಿತು. ಅಜ್ಜ ಫಾರಂ ನಂಬರ್ 7 ತುಂಬಿಸಿ, ಭೂ ನ್ಯಾಯಮಂಡಳಿಗೆ ಅಲೆದಲೆದು, ಕೊನೆಗೆ ಪಹಣಿಯಲ್ಲಿ ತನ್ನ ಹೆಸರು ಕಂಡ. ಆ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಟ್ಟಿದ್ದ. ಮನೆಗೆ ನೆಂಟರು ಬಂದರೆ ಬೆಲ್ಲ ನೀರಿನ ಜೊತೆ ಅದನ್ನೂ ಹೊರಗೆ ತರುತ್ತಿದ್ದ. ಓದಲು ಬಾರದಿದ್ದರೂ ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅವನು ಗೇಣಿಯಿಂದ ಒಡೆತನಕ್ಕೆ ಬಂದ. ಮೂರನೇ ತಲೆಮಾರಿನ ನಾನು, ಓದು ಬರಹ ಬಲ್ಲವನು, ಒಡೆಯನಾದೆ ಎಂದುಕೊಂಡು ಹೆಬ್ಬೆರಳು ಒತ್ತಿ ಗೇಣಿಗೆ ಸೇರಿಕೊಂಡೆ.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಬೆಂಗಳೂರಿನ ಮಗ ನಕ್ಕ. "ಅಪ್ಪ, ನೀನು ಸಿನಿಮಾ ಕೊಂಡೇ ಇಲ್ಲ. ನೋಡೋ ಪರವಾನಗಿ ತಗೊಂಡಿದ್ದೆ ಅಷ್ಟೆ" ಅಂದ. ನಿರ್ಮಾಪಕರು ಟಿ.ವಿ. ಹಕ್ಕು, ಡಬ್ಬಿಂಗ್ ಹಕ್ಕು, ಡಿಜಿಟಲ್ ಹಕ್ಕು ಎಂದು ಸಿನಿಮಾವನ್ನು ಹಲಸಿನ ಹಣ್ಣಿನ ಹಾಗೆ ತೊಳೆ ತೊಳೆ ಬಿಡಿಸಿ ಮಾರುತ್ತಾರಂತೆ. ಡಿಜಿಟಲ್ ತೊಳೆ ಇಷ್ಟು ವರ್ಷಕ್ಕೆ, ಇಂಥ ದೇಶಕ್ಕೆ ಎಂದು ಕೈ ಬದಲಾಯಿಸುತ್ತಿರುತ್ತದಂತೆ. "ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದರೆ?" ಎಂದು ಕೇಳಿದೆ. ಅದಕ್ಕೂ ಬೀಗ ಇರುತ್ತದಂತೆ. ಪೆಟ್ಟಿಗೆ ನಮ್ಮ ಮನೆಯಲ್ಲಿ, ಕೀಲಿಕೈ ಅವರ ಮನೆಯಲ್ಲಿ. ಆಗಾಗ ನಮ್ಮ ಯಂತ್ರ ಅವರ ಯಂತ್ರಕ್ಕೆ, "ಧಣೀ, ತೆಗೆಯಲಾ?" ಎಂದು ಕೇಳಬೇಕು.

ನನ್ನನ್ನು ಸಮಾಧಾನಪಡಿಸಲು ಅವನು ನನಗಿಂತ ದೊಡ್ಡವರು ಮೋಸಹೋದ ಕಥೆಗಳನ್ನೂ ಹೇಳಿದ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಓದುಗರ ಯಂತ್ರಗಳೊಳಗಿಂದ ಕೆಲವು ಪುಸ್ತಕಗಳನ್ನು ಅವರಿಗೆ ಹೇಳದೆಯೇ ಅಳಿಸಿಹಾಕಿತು. ಮಾರಿದವರಿಗೆ ಮಾರುವ ಹಕ್ಕೇ ಇರಲಿಲ್ಲವೆಂದು ಕಾರಣ. ದುಡ್ಡು ವಾಪಸ್ ಬಂತು, ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದ. ಅಳಿಸಿದ ಪುಸ್ತಕಗಳಲ್ಲೊಂದು ಜಾರ್ಜ್ ಆರ್ವೆಲ್‌ನ '1984'. ಬೇಡದ ಬರಹವನ್ನು ಸರ್ಕಾರ ಗುರುತೇ ಇಲ್ಲದಂತೆ ಮಾಡುವ ಕಥೆಯ ಪುಸ್ತಕವೇ ಗುರುತಿಲ್ಲದೆ ಹೋಯಿತು. 2023ರ ಡಿಸೆಂಬರಿನಲ್ಲಿ ಸೋನಿ, ಪ್ಲೇಸ್ಟೇಷನ್‌ನಲ್ಲಿ ಜನ ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳೆಲ್ಲ ವರ್ಷದ ಕೊನೆಗೆ ಹೋಗುತ್ತವೆ ಎಂದು ನೋಟಿಸ್ ಹಾಕಿ, ಗಲಾಟೆಯಾದ ಮೇಲೆ ಆ ತಿಂಗಳೇ ಒಪ್ಪಂದ ಮುಂದುವರಿಸಿ ಹಿಂದೆ ಸರಿಯಿತು. 2024ರ ಏಪ್ರಿಲ್‌ನಲ್ಲಿ ಜಪಾನಿ ಕಾರ್ಟೂನುಗಳ ಫ್ಯೂನಿಮೇಷನ್ ಸೇವೆ ಮುಚ್ಚಿದಾಗ, ಡಿಸ್ಕ್ ಕೊಂಡವರಿಗೆ ಜೊತೆಯಲ್ಲಿ ಸಿಕ್ಕಿದ್ದ ಡಿಜಿಟಲ್ ಪ್ರತಿಗಳೂ ಹೋದವು.

ಮಗ ಹೇಳಿದ್ದರಲ್ಲಿ ನನಗೆ ನಿಜಕ್ಕೂ ಖುಷಿಯಾದದ್ದು ಒಂದೇ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಹಿಂದಕ್ಕೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕನ್ನು ಮಾರುವಾಗ, ಇದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದವನ್ನು ಅಂಗಡಿಯವರು ಬಳಸುವಂತಿಲ್ಲ. ಆ ಕಾನೂನು ಯಾರ ಸಿನಿಮಾವನ್ನೂ ವಾಪಸ್ ಕೊಡಿಸುವುದಿಲ್ಲ, ಪದದ ಅರ್ಥವನ್ನು ಸರಿಮಾಡುತ್ತದೆ ಅಷ್ಟೆ. ನಿಘಂಟಿಗೆ ಪೊಲೀಸ್ ಕಾವಲು ಹಾಕಿದ ಶಾಸನಸಭೆ ಇನ್ನೊಂದಿದೆಯೋ ಇಲ್ಲವೋ. ನಮ್ಮಲ್ಲೂ ಅಂಥದ್ದು ಬಂದರೆ ಗುಂಡಿಯ ಮೇಲೆ 'ಚಾಲಗೇಣಿಗೆ ಹಿಡಿಯಿರಿ' ಎಂದು ಬರೆಯಲಿ. ಪದಕ್ಕೆ ನಾನು ಸಂಭಾವನೆ ಕೇಳುವುದಿಲ್ಲ.

ಹಾಗೆಂದು ಕೈಯಲ್ಲಿ ಹಿಡಿದದ್ದೆಲ್ಲ ಉಳಿಯಿತೇ? ಅದೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ವೈ.ವಿ. ರಾವ್ ಕೊಲ್ಹಾಪುರದ ಸ್ಟುಡಿಯೋದಲ್ಲಿ ಅದನ್ನು ತೆಗೆದರು, ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಹತ್ತಿದ ಬೆಂಕಿಗೆ, ನೈಟ್ರೇಟ್ ಫಿಲಂ ಮೇಲಿದ್ದ ಎಷ್ಟೋ ಹಳೆಯ ಭಾರತೀಯ ಚಿತ್ರಗಳ ಸುರುಳಿಗಳು ಬೂದಿಯಾದವು. ಹಿಡಿದಿಟ್ಟದ್ದಕ್ಕೂ ಗೆದ್ದಲು, ಬೂಸ್ಟು, ಬೆಂಕಿ, ಎದುರುಮನೆಯವರು ಇದ್ದೇ ಇರುತ್ತಾರೆ. ಆದರೆ ನಮ್ಮ ಕೈಯಿಂದ ಜಾರಿದ್ದಕ್ಕೆ ಬೈದುಕೊಳ್ಳಲು ನಾವೇ ಸಿಗುತ್ತೇವೆ. ಈ ಹೊಸ ಕಳವಿನಲ್ಲಿ ಬೈಗುಳ ಕೇಳಿಸಿಕೊಳ್ಳುವುದಕ್ಕೂ ಒಬ್ಬ ಮನುಷ್ಯ ಸಿಗುವುದಿಲ್ಲ. ಕೂಪನ್ ಸಿಗುತ್ತದೆ.

ವಿ.ಸಿ.ಡಿ. ಕಾಲದ ಕಷ್ಟಗಳನ್ನು ನಾನು ಮರೆತಿಲ್ಲ. ಒಂದು ತಟ್ಟೆಯಲ್ಲಿ ಗಂಟೆ ಕಾಲು ಹಿಡಿದರೆ ಹೆಚ್ಚು. ಹಾಗಾಗಿ ಕನ್ನಡ ಸಿನಿಮಾ ಎಂದರೆ ಎರಡೋ ಮೂರೋ ತಟ್ಟೆ. ಮೊದಲನೆಯದು ಮುಗಿದಾಗ ನಾಯಕಿ ಬಾಗಿಲು ತೆರೆಯುತ್ತಿದ್ದಳು. ಎರಡನೆಯದನ್ನು ಹಾಕಿ, ಯಂತ್ರ ಕೊರ್ ಕೊರ್ ಎಂದು ಯೋಚಿಸಿ ಮುಗಿಸುವಷ್ಟರಲ್ಲಿ ಬಾಗಿಲ ಹೊರಗೆ ಯಾರಿದ್ದಾರೆಂದು ಮನೆಮಂದಿಯೆಲ್ಲ ಪಂದ್ಯ ಕಟ್ಟಬಹುದಿತ್ತು. ಚಿತ್ರ ಚೌಕಚೌಕವಾಗಿ ನಿಂತರೆ ಅಮ್ಮ ತಟ್ಟೆಯನ್ನು ತೆಗೆದು, ಬೆಳಕಿಗೆ ಹಿಡಿದು ಗೀರು ಹುಡುಕಿ, ಹಳೇ ವಾಯಿಲ್ ಸೀರೆಯ ಸೆರಗಿನಿಂದ ನಡುವಿನಿಂದ ಅಂಚಿಗೆ, ಮಗುವಿನ ಕೆನ್ನೆ ಒರೆಸಿದ ಹಾಗೆ ಒರೆಸುತ್ತಿದ್ದಳು. ಗೀರು ಆಳವಾಗಿದ್ದರೆ ಒಂದು ಹನಿ ಬಿಳಿ ಟೂತ್‌ಪೇಸ್ಟ್. ಎಷ್ಟೋ ಸಲ ಅದು ಕೆಲಸ ಮಾಡುತ್ತಿತ್ತು. ಲಭ್ಯವಿಲ್ಲ ಎಂದು ಬರೆದ ಪರದೆಗೆ ಯಾವ ಪೇಸ್ಟ್ ಹಚ್ಚುವುದು?

ಯುಗಾದಿ ಕಳೆದು ಒಂದು ವಾರವಾಗಿತ್ತು. ಕೃಷಿ ಸಾಲಕ್ಕೆ ಹಳೆಯ ದಾಖಲೆ ಬೇಕೆಂದು ಅಜ್ಜನ ಟ್ರಂಕ್ ತೆಗೆದೆ. ಮೇಲೆ ನ್ಯಾಯಮಂಡಳಿಯ ಆದೇಶ, ಪ್ಲಾಸ್ಟಿಕ್ ಹಳದಿಗಟ್ಟಿದರೂ ಅಕ್ಷರ ಸ್ಪಷ್ಟ. ಅದರ ಕೆಳಗೆ ಅಮ್ಮನ ವಿ.ಸಿ.ಡಿ.ಗಳು. ಮೋಸರ್ ಬೇಯರ್ ಕಂಪನಿಯವರು 28 ರೂಪಾಯಿಗೆ ವಿ.ಸಿ.ಡಿ. ಮಾರುತ್ತಿದ್ದ ಕಾಲದಲ್ಲಿ ಅವಳು ಚೀಟಿ ದುಡ್ಡಿನಲ್ಲಿ ಕೂಡಿಹಾಕಿದ್ದವು. ಮೂರನೆಯ ಡಬ್ಬಿ ಅವಳ ಸಿನಿಮಾದ್ದೇ. ನೋಡುವ ಯಂತ್ರ ಕೆಟ್ಟಿತೆಂದು ತಾನೇ ಆ ಜನವರಿ 1ಕ್ಕೆ ನಾನು 190 ರೂಪಾಯಿಯ ಗುಂಡಿ ಒತ್ತಿದ್ದು! ತಟ್ಟೆಗಳನ್ನು ಬೆಳಕಿಗೆ ಹಿಡಿದೆ. ಒಂದು ಗೀರಿಲ್ಲ.

ಅಮ್ಮನಿಗೆ ತೋರಿಸಿದೆ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ, "ಇದನ್ನ ಯಾರಿಗೂ ಕೊಡಬೇಡ ಅಂತ ಅವಳಿಗೆ ಹೇಳು" ಎಂದು ಅಡುಗೆಮನೆಯ ಕಡೆ ಕಣ್ಣು ಮಾಡಿದಳು. ಕೊಡಬೇಡ ಎನ್ನಬೇಕಾದರೆ ಮೊದಲು ಕೊಡಲು ಬರುವಂಥದ್ದಾಗಿರಬೇಕು. ಈ ಸಿನಿಮಾ ನಮ್ಮದು ಅನ್ನುವುದಕ್ಕೆ ನನಗೆ ಅದಕ್ಕಿಂತ ಬೇರೆ ಪತ್ರ ಬೇಕಾಗಲಿಲ್ಲ.

ಸದ್ಯದ ಪರಿಸ್ಥಿತಿ ಹೀಗಿದೆ. ಮನೆಯಲ್ಲಿ ಸಿನಿಮಾ ಇದೆ, ಯಂತ್ರ ಇಲ್ಲ. ಸಾಗರದ ರಿಪೇರಿ ಅಂಗಡಿಯವನು ಬಿಡಿಭಾಗ ಸಿಗುವುದಿಲ್ಲ ಅಂದಿದ್ದಾನೆ. ನಿಮ್ಮ ಅಟ್ಟದ ಮೇಲೆ ಕೆಲಸ ಮಾಡುವ ವಿ.ಸಿ.ಡಿ. ಪ್ಲೇಯರ್ ಇದ್ದರೆ ದಯವಿಟ್ಟು ತಿಳಿಸಿ. ಕ್ರಯ ಬೇಡ, ಭೋಗ್ಯ ಬೇಡ, ಎರವಲು ಸಾಕು. ಅಮ್ಮ ಒಂದು ಸಿನಿಮಾ ನೋಡಲು ನಾಲ್ಕು ದಿನ ತೆಗೆದುಕೊಳ್ಳುತ್ತಾಳೆ; ಐದನೆಯ ದಿನ ನಾನೇ ಬಂದು ವಾಪಸ್ ಕೊಟ್ಟು ಹೋಗುತ್ತೇನೆ.